ಯುದ್ಧ ನಿರಾಶ್ರಿತರಿಗೆ 4 ಕೋಟಿಯ ಮನೆ, ನಮಗೆ 10 ಲಕ್ಷದ್ದು: ಯಾರು ಜಾಣರು?

ಮಂಜುಮುಸುಕು, ಮಡಿಕೇರಿ

ನಮ್ಮ ಚಿಕ್ಕಮ್ಮನ ಮಗಳು ಐರ್ಲೆಂಡಿನ ಕಾರ್ಕ್‌ನಲ್ಲಿ ನರ್ಸ್. ಅದೇ ಊರಿನ ಮ್ಯಾಹನ್ ಅನ್ನುವ ಕಡೆ, ಉಕ್ರೇನ್ ಯುದ್ಧದಿಂದ ಓಡಿ ಬಂದವರಿಗೆ ಅಲ್ಲಿನ ಸರ್ಕಾರ 64 ಮನೆ ಕಟ್ಟಿಸಿಕೊಟ್ಟಿದೆ. ಫ್ಯಾಕ್ಟರಿಯಲ್ಲೇ ಕೋಣೆ ತಯಾರು ಮಾಡಿ, ಲಾರಿಯಲ್ಲಿ ತಂದು, ಕ್ರೇನ್‌ನಲ್ಲಿ ಇಳಿಸಿ ಜೋಡಿಸುವುದು. ಮನೆ 45 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಐದು ಚದರ. ಎರಡು ಮಲಗುವ ಕೋಣೆ, ನಾಲ್ಕು ಜನರವರೆಗೆ.

ನನ್ನ ತಲೆ ಕೆಟ್ಟಿದ್ದು ಖರ್ಚು ನೋಡಿ. 2022ರಲ್ಲಿ ಯೋಜನೆ ಶುರು ಮಾಡುವಾಗ ಮನೆಗೆ 2 ಲಕ್ಷ ಯೂರೋ ಅಂದಿದ್ದರು. 2024ರಲ್ಲಿ ಅಲ್ಲಿನ ಲೆಕ್ಕಪರಿಶೋಧಕರ ವರದಿ ಬಂತು. ಸರಾಸರಿ 4 ಲಕ್ಷ 36 ಸಾವಿರ ಯೂರೋ! ನಮ್ಮ ದುಡ್ಡಲ್ಲಿ ಸುಮಾರು 4 ಕೋಟಿ. 2018ರ ಭೂಕುಸಿತದ ನಂತರ ನಮ್ಮ ಕೊಡಗಿನಲ್ಲಿ ಸರ್ಕಾರ ಕಟ್ಟಿಸಿದ್ದೂ ಎರಡು ಕೋಣೆ ಮನೆಯೇ, 10 ಲಕ್ಷದ ಒಳಗೆ ಮುಗಿಸಿದರು.

ಹಾಗಾದರೆ ನಮ್ಮವರೇ ಜಾಣರಾ? ಅಥವಾ ಆ 4 ಕೋಟಿಯಲ್ಲಿ ನನಗೆ ಕಾಣದ್ದು ಏನಾದರೂ ಇದೆಯಾ? ಗೊತ್ತಿರುವವರು ಹೇಳಿ. ಬೈಯುವವರೂ ಬರಬಹುದು.

ಕರಿಮೆಣಸು

4 ಕೋಟಿಗೆ ಸಿದ್ದಾಪುರದ ಕಡೆ ಬಂಗಲೆ ಸಮೇತ ತೋಟವೇ ಬರುತ್ತದಲ್ಲ ಮಾರಾಯ್ರೆ.

ಗೋಣಿಕೊಪ್ಪದವಳು

@ಕರಿಮೆಣಸು ಕಾಫಿ ರೇಟ್ ಏರಿದ ಮೇಲೂ ಈ ಮಾತಾ? ಯಾವ ತೋಟ ಅಂತ ಹೇಳಿ, ಅರ್ಧ ಪಾಲು ನಾನು ಹಾಕುತ್ತೇನೆ.

ಸಿವಿಲ್_ಸಂಪಾಜೆ

ಮಂಜು, ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಿ. ನಮ್ಮ 10 ಲಕ್ಷ ಪಾಯದಿಂದ ಮಾಡಿನವರೆಗಿನ ಮನೆಯದು ಮಾತ್ರ. ಜಾಗ ಸರ್ಕಾರದ್ದು. ಗುಡ್ಡ ಕಡಿದು ಸಮ ಮಾಡಿದ್ದು, ರಸ್ತೆ, ಚರಂಡಿ, ನೀರಿನ ಟ್ಯಾಂಕ್, ಕರೆಂಟ್ ಕಂಬ ಎಲ್ಲ ಬೇರೆ ಲೆಕ್ಕ. ಐರ್ಲೆಂಡಿನವರ ಲೆಕ್ಕದಲ್ಲಿ ಜಾಗ ಸಿದ್ಧ ಮಾಡಿದ ಖರ್ಚೂ ಕೂಡಿದೆ. ಮೇಲೆ ಅಲ್ಲಿನ ಕೂಲಿ, ಚಳಿ ತಡೆಯುವ ಗೋಡೆ, ಬೆಂಕಿಯ ನಿಯಮ. ಆ ಮನೆ 60 ವರ್ಷ ಬಾಳಬೇಕು ಅಂತ ಬರೆದುಕೊಟ್ಟಿದ್ದಾರೆ. ನಮ್ಮಲ್ಲಿ ಯಾರಾದರೂ ಹಾಗೆ ಬರೆದುಕೊಡುತ್ತಾರಾ?

ಆದರೂ ಇಮ್ಮಡಿಗಿಂತ ಜಾಸ್ತಿ ಆಗಿದ್ದಕ್ಕೆ ಬೇರೆ ಕಾರಣ ಇದೆ. ಫ್ಯಾಕ್ಟರಿಯಲ್ಲಿ ಗೋಡೆ ಬೇಗ ಆಗುತ್ತದೆ, ನಿಜ. ಈ ಕಡೆ ಪಾಯ ಹಾಕುವಾಗಲೇ ಆ ಕಡೆ ಕೋಣೆ ರೆಡಿ ಆಗುತ್ತಿರುತ್ತದೆ. ಆದರೆ ನೆಲವನ್ನು ಫ್ಯಾಕ್ಟರಿಯಲ್ಲಿ ಮಾಡಲು ಬರುವುದಿಲ್ಲ. ಯಾವ ಜಾಗ, ಅದರ ಕೆಳಗೆ ಏನಿದೆ, ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ, ಊರಿನವರು ಒಪ್ಪುತ್ತಾರಾ? ಇಷ್ಟರಲ್ಲಿ ತಿಂಗಳುಗಳು ಹೋಗುತ್ತವೆ, ದುಡ್ಡೂ ಹೋಗುತ್ತದೆ. 2022ರ ಮಧ್ಯದಲ್ಲಿ ಘೋಷಣೆ ಮಾಡಿದರು, ಮ್ಯಾಹನ್‌ಗೆ ಜನ ಬಂದಿದ್ದು 2023ರಲ್ಲಿ. ಬೇರೆ ಜಾಗಗಳು ಇನ್ನೂ ತಡ. ಒಟ್ಟು 654 ಮನೆ.

ನಮ್ಮದೂ ನೋಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿಯಿತು. ಡಿಸೆಂಬರ್‌ನಲ್ಲಿ ಅಡಿಗಲ್ಲು. ಜಂಬೂರು, ಮದೆನಾಡಿನಲ್ಲಿ ಬೀಗದ ಕೈ ಕೊಟ್ಟಿದ್ದು 2020ರ ಜೂನ್‌ನಲ್ಲಿ. ಕ್ರೇನ್ ಇಲ್ಲ, ಫ್ಯಾಕ್ಟರಿ ಇಲ್ಲ, ನಡುವೆ ಒಂದು ಪೂರ್ತಿ ಮಳೆಗಾಲ, ಕೊನೆಗೆ ಕೊರೋನಾ. ಅಷ್ಟೆಲ್ಲ ಇದ್ದೂ ಅವರಿಗಿಂತ ತೀರಾ ಹಿಂದೆ ಬಿದ್ದಿಲ್ಲ.

ಲೆಕ್ಕದ_ಮೇಷ್ಟ್ರು

ಒಂದು ಸೇರಿಸುತ್ತೇನೆ. ಎಲ್ಲ ಮನೆಯೂ ಸರ್ಕಾರದ ದುಡ್ಡಿನದ್ದಲ್ಲ. ಜಂಬೂರಿನಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ಮನೆಗಳೂ ಇವೆ. ಉಳಿದವನ್ನು ರಾಜೀವ್ ಗಾಂಧಿ ವಸತಿ ನಿಗಮ ಕಟ್ಟಿಸಿತು.

ಹಟ್ಟಿಹೊಳೆ_ದಡ

ಸಿವಿಲ್ ಅಣ್ಣ, "ತೀರಾ ಹಿಂದೆ ಬಿದ್ದಿಲ್ಲ" ಅನ್ನುವುದು ಕೂತು ಲೆಕ್ಕ ಹಾಕುವವರಿಗೆ ಸುಲಭ. ಆ ಎರಡು ವರ್ಷ ನಾವು ಕಳೆದಿದ್ದೇವೆ.

ಮೊದಲು ಗಂಜಿ ಕೇಂದ್ರ. ಆಮೇಲೆ ತಿಂಗಳಿಗೆ 10,000 ಬಾಡಿಗೆ ಕೊಡುತ್ತೇವೆ, ಮನೆ ನೀವೇ ನೋಡಿಕೊಳ್ಳಿ ಅಂದರು. ಮಡಿಕೇರಿಯಲ್ಲಿ ಮನೆ ಎಲ್ಲಿದೆ? ಇದ್ದವೆಲ್ಲ ಹೋಂಸ್ಟೇ. ಸಿಕ್ಕ ಮನೆಯ ಓನರ್ "ಎಷ್ಟು ದಿನ ಇರುತ್ತೀರಿ" ಅಂತ ಪ್ರತಿ ತಿಂಗಳೂ ಕೇಳುತ್ತಿದ್ದರು. ನಮಗೇ ಗೊತ್ತಿಲ್ಲದ್ದನ್ನು ಅವರಿಗೆ ಏನು ಹೇಳುವುದು?

ಮನೆ ಬಂತು. ಸಿಮೆಂಟ್ ಮನೆ, ಟೈಲ್ಸ್, ಎರಡು ರೂಮ್. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಅಮ್ಮ ಒಳಗೆ ಒಂದು ಸುತ್ತು ಹಾಕಿ ಬಂದು ಕೇಳಿದ್ದು ಒಂದೇ: "ಹಸು ಎಲ್ಲಿ ಕಟ್ಟೋದು?" ಹಸು ಕಟ್ಟಲು ಜಾಗ ಇಲ್ಲ, ಸೌದೆ ಒಟ್ಟಲು ಜಾಗ ಇಲ್ಲ, ಬಚ್ಚಲಲ್ಲಿ ಹಂಡೆ ಒಲೆ ಇಲ್ಲ. ಜಡಿಮಳೆಯಲ್ಲಿ ಬಟ್ಟೆ ಒಣಗಿಸುವುದೆಲ್ಲಿ? ಈಗ ನಮ್ಮ ಸಾಲಿನ ಎಲ್ಲ ಮನೆಗಳ ಹಿಂದೆಯೂ ಶೀಟಿನ ಇಳಿಜಾರು ಬಂದಿದೆ. ಎರಡನೇ ಮಳೆಗೇ ಒಂದು ಗೋಡೆ ಒದ್ದೆ ಹೊಡೆಯಿತು. ಕಟ್ಟಿದವರಿಗೆ ಫೋನ್ ಮಾಡಿದರೆ ನಂಬರ್ ಚಾಲ್ತಿಯಲ್ಲಿಲ್ಲ.

ತೋಟ ಅರ್ಧ ಹೋಯಿತು, ಅರ್ಧ ಉಳಿದಿದೆ. ಉಳಿದ ಅರ್ಧಕ್ಕೆ ಹೋಗಲು ಬಸ್ಸು ಹಿಡಿಯಬೇಕು. ಸಂಜೆ ಆನೆ ಭಯ. ಹಾಗಾಗಿ ಅಪ್ಪ ಎಷ್ಟೋ ದಿನ ಹಳೆಯ ಶೆಡ್‌ನಲ್ಲೇ ಮಲಗುತ್ತಾರೆ.

ಗೋಣಿಕೊಪ್ಪದವಳು

ಹಂಡೆ ಒಲೆ! ನಕ್ಷೆ ಬರೆದವರು ಕಕ್ಕಡ ಮಾಸದ ಜಡಿಮಳೆಯಲ್ಲಿ ಒಂದು ವಾರ ಇಲ್ಲಿ ಇರಬೇಕಿತ್ತು.

ಹೊಸಕಾಲದವ

ಒಂದು ಐಡಿಯಾ. ಐಕಿಯಾ ಪ್ರತಿಷ್ಠಾನದ ನೆರವಿನಲ್ಲಿ ನಿರಾಶ್ರಿತರಿಗೆ ಅಂತಲೇ ಮಾಡಿದ ಜೋಡಿಸುವ ಮನೆ ಇದೆ. 17.5 ಚದರ ಮೀಟರ್, ಡಬ್ಬಿಯಲ್ಲಿ ಬರುತ್ತದೆ, ನಾಲ್ಕು ಜನ ಸೇರಿದರೆ ನಾಲ್ಕು ಗಂಟೆಯಲ್ಲಿ ನಿಲ್ಲಿಸಬಹುದು. ಇಂಥದ್ದು 500 ತಂದು ಕುಶಾಲನಗರದ ಗೋಡೌನ್‌ನಲ್ಲಿ ಇಟ್ಟರೆ ಆಯಿತಲ್ಲ? ಮಳೆ ಬಂತು, ಗುಡ್ಡ ಜಾರಿತು, ತೆಗೆದು ಜೋಡಿಸು.

ಸಿವಿಲ್_ಸಂಪಾಜೆ

@ಹೊಸಕಾಲದವ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರ 2015ರಲ್ಲಿ ಅದನ್ನೇ ತರಿಸಿತ್ತು. ಬೆಂಕಿ ಪರೀಕ್ಷೆಯಲ್ಲಿ ಪಾಸಾಗಲಿಲ್ಲ, ಬಳಸದೆ ಬಿಟ್ಟರು. ಅದು ಮಾಡಿದ್ದು ಡೇರೆಗೆ ಬದಲಾಗಿ. ಡೇರೆಗಿಂತ ಖಂಡಿತ ಮೇಲು. ಆದರೆ ಆ ಹಗುರ ಹಲಗೆಯ ಮನೆಯನ್ನು ಜುಲೈ ಗಾಳಿಗೆ ಭಾಗಮಂಡಲದಲ್ಲಿ ನಿಲ್ಲಿಸಿ ತೋರಿಸಿ, ಆಮೇಲೆ ಮಾತಾಡೋಣ.

ಐರ್ಲೆಂಡಿನ ಥರ ಇಡೀ ಕೋಣೆಯನ್ನೇ ಲಾರಿಯಲ್ಲಿ ತರುತ್ತೇವೆ ಅಂದರೂ ಕಷ್ಟ. ನಮ್ಮ ಘಾಟಿಯ ತಿರುವಲ್ಲಿ ಅಂಥ ಲಾರಿ ತಿರುಗುವುದೇ ಕಷ್ಟ. ಮಳೆಗಾಲದಲ್ಲಿ ಭಾರಿ ವಾಹನ ಬಂದ್ ಅಂತ ಜಿಲ್ಲಾಡಳಿತವೇ ಆದೇಶ ಹೊರಡಿಸುತ್ತದೆ. 2018ರಲ್ಲಿ ಮಂಗಳೂರು ರಸ್ತೆಯೇ ತಿಂಗಳುಗಟ್ಟಲೆ ಮುಚ್ಚಿತ್ತು. ಮನೆ ಬರುವುದು ಯಾವ ದಾರಿಯಲ್ಲಿ?

ಹೊಸಕಾಲದವ

ಎಲ್ಲದಕ್ಕೂ ಆಗಲ್ಲ ಆಗಲ್ಲ ಅಂದರೆ ಏನೂ ಆಗಲ್ಲ ಸಾರ್.

ಕುಶಾಲನಗರ_ಬಸ್‌ಸ್ಟ್ಯಾಂಡ್

ಐರ್ಲೆಂಡ್ ಯಾಕೆ ಬೇಕು ಕಣ್ರೀ, ಹೊಳೆ ದಾಟಿದರೆ ಬೈಲಕುಪ್ಪೆ. ನಮ್ಮ ಕೊಡಗಲ್ಲೇ ಸರ್ಕಾರ ಟಿಬೆಟ್ ನಿರಾಶ್ರಿತರನ್ನು ನೆಲೆ ನಿಲ್ಲಿಸಿ ತೋರಿಸಿದೆ. ನಿಜಲಿಂಗಪ್ಪನವರು ಜಾಗ ಕೊಟ್ಟರು. ಬಂದವರು ಮೊದಲು ಡೇರೆಯಲ್ಲಿದ್ದು, ಕಾಡು ಕಡಿದು, ಜೋಳ ಬಿತ್ತಿದರು. ನಮ್ಮ ತಾತ ಅವರಿಗೆ ಎತ್ತು ಮಾರಿದ್ದರಂತೆ. ಈಗ ನೋಡಿ, ಭಾನುವಾರ ಚಿನ್ನದ ದೇವಸ್ಥಾನದ ಮುಂದೆ ಪಾರ್ಕಿಂಗ್ ಸಿಕ್ಕರೆ ಪುಣ್ಯ.

ಲೆಕ್ಕದ_ಮೇಷ್ಟ್ರು

ಬೈಲಕುಪ್ಪೆ ಕೊಡಗಲ್ಲ, ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ. ಕಾವೇರಿಯೇ ಗಡಿ.

ನಿಜಲಿಂಗಪ್ಪನವರ ಹೆಸರು ಎಲ್ಲರ ಬಾಯಲ್ಲೂ ಇದೆ, ಇರಬೇಕಾದ್ದೇ. ಆದರೆ ಮೊದಲ ತಂಡ ಬಂದ 1960–61ರಲ್ಲಿ ಮುಖ್ಯಮಂತ್ರಿ ಬಿ.ಡಿ. ಜತ್ತಿ. ನಿಜಲಿಂಗಪ್ಪನವರು ಮತ್ತೆ ಆ ಕುರ್ಚಿಗೆ ಬಂದಿದ್ದು 1962ರಲ್ಲಿ.

ಗಮನಿಸಬೇಕಾದ್ದು ಬೇರೆ. ಅಲ್ಲಿ ಮೊದಲು ಸುಮಾರು 3,000 ಎಕರೆ ನೆಲ ಕೊಟ್ಟರು, ಮನೆ ಆಮೇಲೆ ಎದ್ದವು. ತಲೆಗೆ ಇಂತಿಷ್ಟು ಉಳುವ ಭೂಮಿ, ಸಹಕಾರ ಸಂಘ, ಶಾಲೆ. ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯದಲ್ಲೂ ಇದೇ ದಾರಿ. ಆ ಕೆಲಸಕ್ಕೆ ಅಂತಲೇ 1968ರಲ್ಲಿ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಹುಟ್ಟಿತು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ, ಆದರೂ ಇಷ್ಟು ನಡೆಯಿತು.

ಕುಶಾಲನಗರ_ಬಸ್‌ಸ್ಟ್ಯಾಂಡ್

ಮೇಷ್ಟ್ರೇ, ನಮ್ಮ ಮನೆ ಮಹಡಿಯಿಂದ ಹೊಳೆಯ ಆಚೆ ಕಾಣುತ್ತದೆ. ಯಾವ ಜಿಲ್ಲೆ ಅಂತ ಹೊಳೆಗೆ ಗೊತ್ತಾ?

ರಬ್ಬರ್_ಗಡಿ

ಸುಳ್ಯದ ಕಡೆಯವನು ನಾನು. ಸಂಪಾಜೆ ದಾಟಿ ಕೆಳಗೆ ಬಂದರೆ ಇನ್ನೊಂದು ಕತೆ ಇದೆ, ಅದನ್ನು ಯಾರೂ ಹೇಳಲ್ಲ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಲಂಕೆಯಿಂದ ಬಂದ ತಮಿಳರನ್ನು ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸಕ್ಕೆ ಇಟ್ಟರು. ಕೆಲಸದ ಜೊತೆ ಕ್ವಾರ್ಟರ್ಸ್. ಕೇಳಲು ಚೆನ್ನಾಗಿದೆ. ಆದರೆ ಕೆಲಸ ಇದ್ದರೆ ಮಾತ್ರ ಮನೆ. ನಿವೃತ್ತಿ ಆದರೆ? ಮಕ್ಕಳು ಬೇರೆ ಕೆಲಸಕ್ಕೆ ಹೋದರೆ? ನನ್ನ ಜೊತೆ ಓದಿದವನ ಅಪ್ಪ ರಬ್ಬರ್ ಕೊಯ್ದು ರಿಟೈರ್ ಆದರು. ಆಮೇಲೆ ಮನೆ ಬಿಡಬೇಕು ಅನ್ನುವ ಭಯ. ಇಷ್ಟು ವರ್ಷ ಇಲ್ಲಿದ್ದೂ ಅಂಗೈ ಅಗಲ ಜಾಗ ಇರಲಿಲ್ಲ.

ಬೈಲಕುಪ್ಪೆಯನ್ನು ಹೊಗಳುವಾಗ ಇವರನ್ನೂ ನೆನಪಿಡಿ. ಎರಡೂ ಸರ್ಕಾರವೇ ಮಾಡಿದ್ದು.

ಹಟ್ಟಿಹೊಳೆ_ದಡ

ಇದು ಸರಿಯಾದ ಮಾತು. ನಮ್ಮ ತೋಟಗಳ ಕೂಲಿಯವರ ಲೈನ್ ಮನೆ ಕತೆಯೂ ಇದೇ ಅಲ್ವಾ?

ಕರಿಮೆಣಸು

ಲೈನ್ ಮನೆಗಳಲ್ಲಿ ಈಗ ಅಸ್ಸಾಂನವರೇ ತುಂಬಿದ್ದಾರೆ. ನಾಳೆ ಅವರಿಗೂ ಮನೆ ಕಟ್ಟಿಕೊಡಿ ಅನ್ನುತ್ತೀರಿ ನೀವು.

ಗೋಣಿಕೊಪ್ಪದವಳು

@ಕರಿಮೆಣಸು ನಿಮ್ಮ ಮೆಣಸು ಕೊಯ್ಯುವುದು ಯಾರು? ಹೇಳಿ, ಆಮೇಲೆ ಮುಂದೆ ಹೋಗೋಣ.

ಕರಿಮೆಣಸು

ಸುಮ್ನೆ ಹೇಳಿದೆ ಅಕ್ಕ.

ಸಾಕ್ಷಿಬೇಕು

ನನ್ನ ಪ್ರಶ್ನೆ ಬೇರೆ. ಯುದ್ಧ ಮುಗಿದ ಮೇಲೆ ಈ ಜನ ವಾಪಸ್ ಹೋಗುತ್ತಾರೆ. ಆಮೇಲೆ 60 ವರ್ಷದ ಮನೆ ಯಾಕೆ? ನಾಲ್ಕೈದು ವರ್ಷಕ್ಕೆ ಸಾಕಾಗುವಷ್ಟು ಅಗ್ಗದ ಶೆಡ್ ಹಾಕಿದರೆ ದುಡ್ಡು ಉಳಿಯುತ್ತದೆ. ಕೊಡಗಿನವರ ಗುಡ್ಡ ಹೋಗಿದೆ, ಅವರಿಗೆ ಶಾಶ್ವತ ಮನೆ ಬೇಕು, ಒಪ್ಪುತ್ತೇನೆ. ಎರಡನ್ನೂ ಬೆರೆಸಬೇಡಿ.

ಲೆಕ್ಕದ_ಮೇಷ್ಟ್ರು

ವಾಪಸ್ ಹೋಗುತ್ತಾರೆ ಅನ್ನುವುದು ಎಲ್ಲ ಕಾಲದಲ್ಲೂ ಹೇಳಿದ್ದೇ. ಪೂರ್ವ ಬಂಗಾಳದಿಂದ ಬಂದವರಿಗೆ ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಕ್ಯಾಂಪ್ ಹಾಕಿದರು. ಮೊಮ್ಮಕ್ಕಳು ಅಲ್ಲೇ ಭತ್ತ ಬೆಳೆಯುತ್ತಿದ್ದಾರೆ. ಜೋರ್ಡಾನಿನ ಝಾತರಿ ಶಿಬಿರ 2012ರ ಜುಲೈನಲ್ಲಿ ಸಿರಿಯಾದವರಿಗೆ ಅಂತ ಡೇರೆಯಲ್ಲಿ ಶುರುವಾಯಿತು. ಡೇರೆ ಹೋಗಿ ತಗಡಿನ ಕ್ಯಾರವಾನ್ ಬಂತು, ಅಂಗಡಿ ಬೀದಿ ಬಂತು, ಸುಮಾರು 80,000 ಜನರ ಊರಾಯಿತು. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ ಸರ್ಕಾರ ಬಾಂಬಿಗೆ ಮನೆ ಕಳೆದುಕೊಂಡವರಿಗೆ 1,56,000ಕ್ಕೂ ಜಾಸ್ತಿ ರೆಡಿಮೇಡ್ ಮನೆ ಕೊಟ್ಟಿತು. 10 ವರ್ಷಕ್ಕೆ ಅಂತ ಕಟ್ಟಿದ್ದು. 70 ವರ್ಷದ ಮೇಲೂ ಅದರಲ್ಲಿ ಜನ ಇದ್ದರು, ಕೆಡವಬೇಡಿ ಅಂತ ಜಗಳಕ್ಕೇ ನಿಂತರು.

ಅಗ್ಗದ ಶೆಡ್ ಹಾಕಿದರೆ ಎರಡು ಸಲ ಕಟ್ಟಬೇಕಾಗುತ್ತದೆ. ಐರ್ಲೆಂಡಿನವರ ಮನೆಯನ್ನು ಮುಂದೆ ಬೇರೆ ಬಡವರಿಗೆ, ವಯಸ್ಸಾದವರಿಗೆ ಕೊಡಬಹುದು. ಖರ್ಚು ಮಿತಿ ಮೀರಿದ್ದನ್ನು ನಾನು ಸಮರ್ಥಿಸುವುದಿಲ್ಲ, ಆದರೆ ಗಟ್ಟಿ ಕಟ್ಟಿದ್ದು ಸರಿ.

ಸಾಕ್ಷಿಬೇಕು

ಗಟ್ಟಿ ಕಟ್ಟಿದರೆ ಸಾಕು ಅನ್ನುವುದಾದರೆ ಬಾಂಗ್ಲಾದೇಶದ ಭಾಷನ್ ಚಾರ್ ನೋಡಿ ಮೇಷ್ಟ್ರೇ. ಮ್ಯಾನ್ಮಾರ್‌ನಿಂದ ಓಡಿ ಬಂದ ರೊಹಿಂಗ್ಯಾಗಳಿಗೆ ಅಂತ ಸಮುದ್ರದ ನಡುವಿನ ಹೂಳಿನ ದ್ವೀಪದಲ್ಲಿ 1 ಲಕ್ಷ ಜನಕ್ಕೆ ಆಗುವಷ್ಟು ಸಿಮೆಂಟ್ ಮನೆ ಕಟ್ಟಿದರು. ಚಂಡಮಾರುತ ಬಂದರೆ ಅಂತ ಆಸರೆ ಕಟ್ಟಡಗಳೂ ಇವೆ. 2020ರ ಡಿಸೆಂಬರ್‌ನಿಂದ ಜನರನ್ನು ಸಾಗಿಸಿದರು. ಬಿದಿರು, ಟಾರ್ಪಾಲಿನ ಕಾಕ್ಸ್ ಬಜಾರ್ ಶಿಬಿರದಿಂದ ಅಲ್ಲಿಗೆ ಹೋಗಲು ಎಷ್ಟೋ ಜನ ಒಪ್ಪಲಿಲ್ಲ, ಹೋದವರಲ್ಲಿ ಕೆಲವರು ದೋಣಿ ಹತ್ತಿ ತಪ್ಪಿಸಿಕೊಂಡರು. ಗೋಡೆ ಗಟ್ಟಿ, ಆದರೆ ಕೆಲಸ ಇಲ್ಲ, ನೆಂಟರಿಲ್ಲ, ದಡ ದೂರ.

ಲೆಕ್ಕದ_ಮೇಷ್ಟ್ರು

ಇದಕ್ಕೆ ನನ್ನ ತಕರಾರಿಲ್ಲ.

ಸುಂಟಿಕೊಪ್ಪ_ಅಕ್ಕ

ನೀವೆಲ್ಲ ಗಂಡಸರು ಗೋಡೆ, ಎಕರೆ, ಯೂರೋ ಅಂತ ಕೂತಿದ್ದೀರಿ. ಮೊದಲ ಹದಿನೈದು ದಿನದ ಬಗ್ಗೆ ಯಾರಾದರೂ ಮಾತಾಡಿದಿರಾ?

2018ರಲ್ಲಿ ನಾನು ಒಂದು ಗಂಜಿ ಕೇಂದ್ರದಲ್ಲಿ ಬಡಿಸಲು ಹೋಗುತ್ತಿದ್ದೆ. ಅನ್ನ ಬೇಕಾದಷ್ಟು ಬರುತ್ತಿತ್ತು. ಬೆಂಗಳೂರಿನಿಂದ ಬಿಸ್ಕತ್ತು, ಚಾಪೆ, ಹಳೆ ಬಟ್ಟೆಯ ಮೂಟೆ ಬಂದು ಇಡಲು ಜಾಗ ಇರಲಿಲ್ಲ. ಆದರೆ ಒಂದು ದೊಡ್ಡ ಹಾಲ್, ಅದರಲ್ಲಿ ಹತ್ತಾರು ಮನೆಯವರು. ಹೆಂಗಸರು ಸೀರೆ ಬದಲಾಯಿಸುವುದು ಹೇಗೆ? ಒಬ್ಬ ಬಾಣಂತಿ ಮಗುವಿಗೆ ಹಾಲು ಕುಡಿಸಲು ಪಾತ್ರೆ ತೊಳೆಯುವ ಕಡೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಒಂದು ಮನೆಯವರ ಜಗಳ ಎಲ್ಲರ ಕಿವಿಗೂ. ಅಳಬೇಕು ಅಂದರೂ ಜಾಗ ಇಲ್ಲ.

ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ಅಂತ ಇದ್ದಾರೆ. ಕಾಗದದ ದಪ್ಪ ಕೊಳವೆಗಳನ್ನು ಚೌಕಟ್ಟಿನ ಹಾಗೆ ಜೋಡಿಸಿ, ಬಟ್ಟೆ ಇಳಿಬಿಟ್ಟು, ಹಾಲ್ ಒಳಗೇ ಮನೆ ಮನೆಗೆ ಕೋಣೆ ಮಾಡುತ್ತಾರೆ. ಜಪಾನಿನ ಭೂಕಂಪಗಳ ನಂತರ ಮಾಡಿದ್ದು. 2022ರಲ್ಲಿ ಉಕ್ರೇನಿನವರು ಪೋಲೆಂಡ್ ಗಡಿ ದಾಟಿದಾಗ ಖೆಲ್ಮ್ ಅನ್ನುವ ಊರಿನಲ್ಲಿ ಮುಚ್ಚಿದ್ದ ಸೂಪರ್ ಮಾರ್ಕೆಟ್ ಒಳಗೆ ಇದನ್ನೇ ಹಾಕಿದರು. ಮೊಳೆ ಬೇಡ, ಕ್ರೇನ್ ಬೇಡ. ನಮ್ಮ ಕಲ್ಯಾಣ ಮಂಟಪಗಳಿಗೆ ಇದಕ್ಕಿಂತ ಒಳ್ಳೆಯದು ಬೇಕಾ? ಕಾಗದ ಬೇಡ, ನಮ್ಮಲ್ಲಿ ಬಿದಿರಿದೆ. ಶಾಮಿಯಾನದವರ ಹತ್ತಿರ ಪರದೆ ಇದೆ. ಪ್ರತಿ ತಾಲ್ಲೂಕಿನಲ್ಲಿ ಒಂದು ಗೋಡೌನ್‌ನಲ್ಲಿ ಇಟ್ಟರೆ ಸಾಕು.

ಹೊಸಕಾಲದವ

ಅಕ್ಕ, ಸೂಪರ್. ಇದನ್ನು ಪಂಚಾಯಿತಿಗೆ ಬರೆದು ಕೊಡೋಣ. ನಾನು ನಕ್ಷೆ ಮಾಡುತ್ತೇನೆ.

ಸಿವಿಲ್_ಸಂಪಾಜೆ

ಬಿದಿರಾದರೆ ನೀರಲ್ಲಿ ನೆನೆಸಿ ಒಣಗಿಸಿದ್ದು ತನ್ನಿ, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಹುಳು ತಿಂದು ಹಿಟ್ಟು. ಮೂಲೆ ಜೋಡಿಸುವುದನ್ನು ನಾನು ಹೇಳಿಕೊಡುತ್ತೇನೆ.

ಕಾರ್ಕ್_ಕೊಡಗತಿ

ಮಂಜು ಲಿಂಕ್ ಕಳಿಸಿದ, ಬಂದೆ. ಎರಡು ಮಾತು.

ಇಲ್ಲೂ ನಿಮ್ಮ ಹಾಗೇ ಜಗಳ. ಸರ್ಕಾರಿ ಬಾಡಿಗೆ ಮನೆಗೆ ವರ್ಷಗಟ್ಟಲೆ ಕಾದವರು "ನಮಗಿಲ್ಲದ ಮನೆ ಹೊರಗಿನವರಿಗೆ" ಅನ್ನುತ್ತಾರೆ. ಅವರ ಸಿಟ್ಟೂ ಸುಳ್ಳಲ್ಲ, ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಉಕ್ರೇನಿನಿಂದ 1 ಲಕ್ಷಕ್ಕೂ ಜಾಸ್ತಿ ಜನ ಈ ಪುಟ್ಟ ದೇಶಕ್ಕೆ ಬಂದರು. ಮೊದಲು ಹೋಟೆಲ್, ಹಾಸ್ಟೆಲ್, ಕೆಲವು ಕಡೆ ಡೇರೆ. ಅಷ್ಟು ಜನಕ್ಕೆ 654 ಮನೆ ಎಲ್ಲಿಗೆ ಸಾಕಾಗುತ್ತದೆ?

ನನ್ನ ಜೊತೆ ವಾರ್ಡಿನಲ್ಲಿ ಕೆಲಸ ಮಾಡುವ ಉಕ್ರೇನಿನವಳೊಬ್ಬಳು ಇದ್ದಾಳೆ. ಅವಳು ಹೋಟೆಲ್ ರೂಮಿನಲ್ಲಿದ್ದಾಗ ಜಾಸ್ತಿ ಹೇಳುತ್ತಿದ್ದದ್ದು ಅಡುಗೆ ಮನೆ ಬಗ್ಗೆ. ಹೋಟೆಲಿನವರು ಕೊಟ್ಟದ್ದನ್ನೇ ತಿನ್ನಬೇಕು, ಮಗನಿಗೆ ಜ್ವರ ಬಂದರೂ ಒಂದು ಸೂಪ್ ಮಾಡಿಕೊಡಲು ಒಲೆ ಇಲ್ಲ. ಈಗ ಸ್ವಂತ ಅಡುಗೆ ಮನೆ ಇರುವ ಕಡೆ ಹೋಗಿದ್ದಾಳೆ, ಅದೂ ಅಳತೆಯಲ್ಲಿ ನಮ್ಮ ಅಜ್ಜಿಯ ಮನೆ ಜಗಲಿಯಷ್ಟೇ. ಹಟ್ಟಿಹೊಳೆಯವರ ಅಮ್ಮ ಹಸು ಕೇಳಿದರು, ಇವಳು ಒಲೆ ಕೇಳಿದಳು.

ಹಟ್ಟಿಹೊಳೆ_ದಡ

ಅಕ್ಕ, ಅವರಿಗೆ ಆ ಮನೆ ಎಷ್ಟು ದಿನಕ್ಕೆ? ಕಾಗದ ಏನಾದರೂ ಕೊಟ್ಟಿದ್ದಾರಾ?

ಕಾರ್ಕ್_ಕೊಡಗತಿ

ಸ್ವಂತಕ್ಕಲ್ಲ. ಯುರೋಪಿನವರು 2022ರ ಮಾರ್ಚ್‌ನಲ್ಲಿ ತಾತ್ಕಾಲಿಕ ರಕ್ಷಣೆ ಅಂತ ಕೊಟ್ಟರಲ್ಲ, ಅದರ ಅವಧಿಯನ್ನೇ ವಿಸ್ತರಿಸುತ್ತಾ ಬಂದಿದ್ದಾರೆ. ಅದು ಇರುವವರೆಗೆ ಇರಬಹುದು. ಆಮೇಲಿನದು ಅವಳಿಗೂ ಗೊತ್ತಿಲ್ಲ.

ರಬ್ಬರ್_ಗಡಿ

ಅಲ್ಲಿಗೆ ನಮ್ಮ ಕ್ವಾರ್ಟರ್ಸ್ ಕತೆಯೇ ಆಯಿತು.

ಕಾಡಂಚು

ಇಷ್ಟೆಲ್ಲ ದೇಶ ಸುತ್ತಿದಿರಿ, ನಮ್ಮ ಕೊಡಗಿನದೇ ದಿಡ್ಡಳ್ಳಿ ಯಾರಿಗೂ ನೆನಪಾಗಲಿಲ್ಲ. 2016ರ ಡಿಸೆಂಬರ್‌ನಲ್ಲಿ ಆದಿವಾಸಿಗಳ ಗುಡಿಸಲು ಕಿತ್ತು ಹಾಕಿದರು. ಯುದ್ಧ ಇರಲಿಲ್ಲ, ಮಳೆಯೂ ಇರಲಿಲ್ಲ. ಹೋರಾಟ ಆದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ತೋರಿಸಿದರು. ಆ ಜನ ಹುಟ್ಟಿದ ಕಾಡು ಒಂದು ಕಡೆ, ಮನೆ ಇನ್ನೊಂದು ಕಡೆ. ಅಲ್ಲಿ ಕೆಲಸ ಎಲ್ಲಿ? ಮತ್ತೆ ಅದೇ ತೋಟಗಳಿಗೆ ಜೀಪಿನಲ್ಲಿ ಬರುತ್ತಾರೆ. ದುಡ್ಡು ಎಷ್ಟಾಯಿತು ಅಂತ ಕೇಳುವ ಮೊದಲು ಯಾರನ್ನು ಕೇಳಿ ಕಟ್ಟಿದಿರಿ ಅಂತ ಕೇಳಿ.

ಮಂಜುಮುಸುಕು

@ಕಾಡಂಚು ಸರಿ ಇದೆ. ಇಷ್ಟು ಓದಿದ ಮೇಲೆ ನನಗೆ ಅನ್ನಿಸುವುದು, 10 ಲಕ್ಷ, 4 ಕೋಟಿ ಎರಡರಲ್ಲೂ ಜಗಳ ನೆಲದ್ದೇ. ಸಿವಿಲ್ ಅಣ್ಣ, ನೀವು ಜಿಲ್ಲಾಡಳಿತದಲ್ಲಿ ಇದ್ದಿದ್ದರೆ ಮೊದಲು ಏನು ಮಾಡುತ್ತಿದ್ದಿರಿ?

ಸಿವಿಲ್_ಸಂಪಾಜೆ

ಮಳೆಗಾಲಕ್ಕೆ ಮುಂಚೆಯೇ ಪ್ರತಿ ಹೋಬಳಿಯಲ್ಲಿ ಒಂದು ಜಾಗ ಗುರುತು ಮಾಡಿ ಇಡುತ್ತಿದ್ದೆ. ಇಳಿಜಾರು ಜಾಸ್ತಿ ಇರಬಾರದು. ಗುಡ್ಡವನ್ನು ನೆಟ್ಟಗೆ ಕಡಿದು ಮನೆ, ರಸ್ತೆ ಮಾಡಿದ್ದೂ 2018ರ ಕುಸಿತಕ್ಕೆ ಕಾರಣ ಅಂತ ಭೂವೈಜ್ಞಾನಿಕ ಸರ್ವೇಕ್ಷಣೆಯವರೇ ಹೇಳಿದ್ದಾರೆ. ಪುನರ್ವಸತಿಗೆ ಅಂತ ಇನ್ನೊಂದು ಗುಡ್ಡ ಕಡಿಯುವುದು ಯಾವ ನ್ಯಾಯ? ಜಾಗ ಸಿಕ್ಕ ಮೇಲೆ ನೀರು, ಕರೆಂಟು, ರಸ್ತೆ ಹಾಕಿ ಖಾಲಿ ಬಿಡಬೇಕು. ಆಮೇಲೆ ಮನೆ ಹಾಲೋಬ್ಲಾಕ್‌ನದ್ದೋ ಫ್ಯಾಕ್ಟರಿಯದ್ದೋ, ಆರು ತಿಂಗಳ ಕೆಲಸ. ಮಳೆ ನಿಂತ ನವೆಂಬರ್‌ನಲ್ಲಿ ಶುರು ಮಾಡಿದರೆ ಮೇ ತಿಂಗಳಿಗೆ ಮಾಡು ಮುಚ್ಚಬಹುದು. ಪ್ರತಿ ಮನೆಗೂ ಹಿಂದೆ ಎರಡು ಸೆಂಟ್ ಖಾಲಿ ಬಿಡಿ, ಹಸುವೋ ಸೌದೆಯೋ ಅವರೇ ನೋಡಿಕೊಳ್ಳುತ್ತಾರೆ.

ಕರಿಮೆಣಸು

ಹೋಬಳಿಗೊಂದು ಸಮತಟ್ಟು ಜಾಗ, ಅದೂ ಕೊಡಗಲ್ಲಿ! ಎಲ್ಲಿಂದ ತರುತ್ತೀರಿ?

ಸಿವಿಲ್_ಸಂಪಾಜೆ

ಪೈಸಾರಿ, ಅಂದರೆ ಸರ್ಕಾರದ ಖಾಲಿ ಜಾಗ ಇದೆಯಲ್ಲ.

ಕಾಡಂಚು

ಕಾಗದದಲ್ಲಿ ಇದೆ. ಹೋಗಿ ನೋಡಿದರೆ ಬೇಲಿ, ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಸರ್ವೆ ನಂಬರ್ ಸಮೇತ ಹೇಳಲಾ?

ಕರಿಮೆಣಸು

ನಂಬರ್ ಇಲ್ಲಿ ಹಾಕಬೇಡಿ ಮಾರಾಯ್ರೆ. ಈ ಮಾತಾಡುತ್ತಿರುವ ಅರ್ಧ ಜನರ ತೋಟ ಅದರೊಳಗೇ ಇರುತ್ತದೆ.

ಗೋಣಿಕೊಪ್ಪದವಳು

ಹಾಕಿ, ಹಾಕಿ. ಮೊದಲು ಇವರದ್ದೇ ಬರಲಿ.